ಬಿದ್ದರೆ ಯಾರು ಹೊಣೆ?

ಶಿರಸಿ

ಗ್ಲಾಸ್ಗೋದಿಂದ ಬಂದು ಮೂರು ತಿಂಗಳಾಯಿತು. ಮನೆಗೆ ಬಂದವರೆಲ್ಲ ನನ್ನನ್ನು ಕೇಳುವುದು ಒಂದೇ, ಏನೇನು ನೋಡಿದಿರಿ ಅಂತ. ಪಕ್ಕದ ಕುರ್ಚಿಯಲ್ಲಿ ನನ್ನ ಅಣ್ಣ ಗಜಣ್ಣ ಕೂತಿರುತ್ತಾನೆ. ನನ್ನ ಜೊತೆ ಅಷ್ಟೇ ದೂರ ಹೋಗಿ ಅಷ್ಟೇ ದೂರ ವಾಪಸು ಬಂದವನು. ಅವನನ್ನು ಯಾರೂ ಏನೂ ಕೇಳುವುದಿಲ್ಲ. ಅವನಿಗೆ ಕಣ್ಣು ಕಾಣುವುದಿಲ್ಲವಲ್ಲ, ಹಾಗಾಗಿ ಅವನಿಗೆ ಪ್ರವಾಸವೇ ಆಗಿಲ್ಲ ಎಂದು ಬಂದವರು ತೀರ್ಮಾನಿಸಿರುತ್ತಾರೆ. ಆದ್ದರಿಂದ ಈಗಲೇ ಹೇಳಿಬಿಡುತ್ತೇನೆ: ಆ ಊರಿನ ಸೇತುವೆ, ಚರ್ಚು, ವಸ್ತುಸಂಗ್ರಹಾಲಯ ಯಾವುದರ ಸುದ್ದಿಯೂ ಇಲ್ಲಿ ಇಲ್ಲ. ಐದು ದಿನ ಸಿಟ್ಟು ಮಾಡಿಕೊಂಡು ತಿರುಗಿದ್ದರ ಕಥೆ ಇದು. ಬೇಕಾದವರು ಓದಿ.

ಗಜಣ್ಣ ಸಿದ್ದಾಪುರದ ಒಂದು ಹವ್ಯಾಸಿ ಯಕ್ಷಗಾನ ಮಂಡಳಿಯಲ್ಲಿ ಇಪ್ಪತ್ತೆರಡು ವರ್ಷ ರಾಜವೇಷ ಕಟ್ಟಿದವನು. ಆಟದ ಮೊದಲಿಗೆ ರಾಜ ತನ್ನವರೊಡನೆ ಕುಣಿಯುತ್ತ ರಂಗಕ್ಕೆ ಬರುವುದಕ್ಕೆ ಒಡ್ಡೋಲಗ ಎನ್ನುತ್ತಾರೆ. ಗಜಣ್ಣನ ಒಡ್ಡೋಲಗ ನೋಡಿ ಎದ್ದುಹೋಗುವವರು ಇದ್ದರು. ಆಮೇಲಿನ ಕಥೆ ಅವರಿಗೆ ಬೇಕಿರಲಿಲ್ಲ. ಮೊಣಕಾಲೂರಿ ಗಿರಗಿರನೆ ಸುತ್ತುವ ಮಂಡಿ ಕುಣಿತ ಶುರುವಾದರೆ ನಿಲ್ಕುಂದ, ತ್ಯಾಗಲಿಯಿಂದ ಬಂದವರೆಲ್ಲ ಬೆರಳಲ್ಲಿ ಎಣಿಸುತ್ತಿದ್ದರು. ಕಣ್ಣಿನ ಒತ್ತಡದ ಕಾಯಿಲೆ ಮೆಲ್ಲಗೆ ಬಂತು, ಮೆಲ್ಲಗೆ ಎಲ್ಲವನ್ನೂ ತೆಗೆದುಕೊಂಡು ಹೋಯಿತು. ಪೂರ್ತಿ ಕತ್ತಲಾಗಿ ಈಗ ಎಂಟು ವರ್ಷ. ಮದುವೆಯಾಗದ ಅಣ್ಣ, ಆವತ್ತಿನಿಂದ ಶಿರಸಿಯಲ್ಲಿ ನಮ್ಮ ಮನೆಯಲ್ಲೇ ಇದ್ದಾನೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ.

ಕಣ್ಣು ಹೋದ ವರ್ಷ ಮಂಡಳಿಯವರು ಅವನಿಗೊಂದು ಸನ್ಮಾನ ಮಾಡಿದರು. ಶಾಲು, ಹಾರ, ಹಣ್ಣಿನ ಬುಟ್ಟಿ. ಭಾಷಣ ಮಾಡಿದವರೊಬ್ಬರು ಇನ್ನು ಇವರು ತಾಳಮದ್ದಲೆ ಕೇಳಿಕೊಂಡು ನೆಮ್ಮದಿಯಾಗಿರಲಿ ಎಂದು ಹಾರೈಸಿದರು. ತಾಳಮದ್ದಲೆ ಎಂದರೆ ವೇಷವಿಲ್ಲ, ಕುಣಿತವಿಲ್ಲ, ಕೂತು ಮಾತಾಡುವುದು. ನನಗೆ ತಾಳಮದ್ದಲೆಯ ಮೇಲೆ ಏನೂ ದ್ವೇಷವಿಲ್ಲ. ಆದರೆ ಜೀವಮಾನವಿಡೀ ಕುಣಿದವನಿಗೆ ಇಂಥದ್ದು ನಿನ್ನ ಪಾಲಿಗೆ ಎಂದು ಹಂಚಿಕೊಡಲು ಇವರು ಯಾರು? ಗಜಣ್ಣನಿಗೆ ಬೇಕಾಗಿದ್ದುದು ಬೇರೆ ಏನೂ ಅಲ್ಲ. ಸಿದ್ದಾಪುರದಲ್ಲಿ, ತನ್ನದೇ ಮಂಡಳಿಯ ವಾರ್ಷಿಕ ಆಟದಲ್ಲಿ, ಇನ್ನೊಂದು ಸಲ ಒಡ್ಡೋಲಗ. ಪ್ರತಿ ವರ್ಷ ಬೇರೆಯವರ ಮೂಲಕ ಕೇಳಿಸಿದ. ಪ್ರತಿ ವರ್ಷ ಒಂದೇ ಉತ್ತರ ಬಂತು: ಬಿದ್ದರೆ ಯಾರು ಹೊಣೆ?

ನಾವು ಆಟಕ್ಕೆ ಹೋಗುವುದನ್ನು ಬಿಡಲಿಲ್ಲ. ಗಜಣ್ಣನ ಪಕ್ಕ ಕೂತು ಅವನ ಕಿವಿಯಲ್ಲಿ ನಾನು ರಂಗದ ಮೇಲೆ ಆಗುವುದನ್ನೆಲ್ಲ ಪಿಸುಗುಡುತ್ತಿದ್ದೆ. ಯಲ್ಲಾಪುರದ ಒಂದು ಸಭಾಭವನದಲ್ಲಿ ಮುಂದಿನ ಸಾಲಿನ ಮಹನೀಯರು ಮೂರು ಸಲ ಶ್ ಎಂದರು, ನಾಲ್ಕನೆಯ ಸಲ ತಿರುಗಿ, ಸ್ವಲ್ಪ ಸುಮ್ಮನಿರಿ, ನಾವು ನೋಡಲಿಕ್ಕೆ ಬಂದವರು ಎಂದರು. ಅದೇ ಭವನಕ್ಕೆ ಗಾಲಿಕುರ್ಚಿಯವರಿಗೆಂದು ಒಂದು ಇಳಿಜಾರು ಕಟ್ಟಿದ್ದಾರೆ. ಅದು ಹತ್ತಿ ಹೋಗಿ ಮುಟ್ಟುವುದು ಬೀಗ ಹಾಕಿದ ಬಾಗಿಲಿಗೆ. ಬಾಗಿಲಿನ ಒಳಗಡೆ ಪ್ಲಾಸ್ಟಿಕ್ ಕುರ್ಚಿ ಒಟ್ಟಿದ್ದಾರೆ. ಉದ್ಘಾಟನೆಯ ಕಲ್ಲು ಮಾತ್ರ ಫಳಫಳ ಹೊಳೆಯುತ್ತದೆ.

ನಮ್ಮನ್ನು ಕರೆಸಿದವಳು ಮೊರಾಗ್. ಕೆಲವು ವರ್ಷಗಳ ಹಿಂದೆ ಶಿರಸಿಯಲ್ಲಿದ್ದು ಚಂಡೆ ಕಲಿತುಹೋದ ಹೆಣ್ಣುಮಗಳು. ಕನ್ನಡ ಮಾತಾಡುತ್ತಾಳೆ, ಅದೂ ನಮ್ಮೂರಿನ ಕನ್ನಡ. ನನ್ನನ್ನು ಕರೆಯುವುದೇ ಸುಶೀಲಕ್ಕ ಎಂದು. ಈಗ ತನ್ನೂರು ಗ್ಲಾಸ್ಗೋದಲ್ಲಿ ಒಂದು ಸಣ್ಣ ನಾಟಕಶಾಲೆ ನಡೆಸುತ್ತಾಳೆ. ಕಣ್ಣು, ಕಿವಿ, ಕಾಲು ಬೇರೆ ಥರ ಇರುವವರು ರಂಗದ ಮೇಲೂ ರಂಗದ ಮುಂದೂ ಹೇಗೆ ಸೇರಿಕೊಳ್ಳಬಹುದು ಎಂದು ಐದು ದಿನದ ಕೂಟ ಏರ್ಪಡಿಸಿದ್ದಳು. ನೀವು ಕಿವಿಯಲ್ಲಿ ಹೇಳುತ್ತಿದ್ದಿರಲ್ಲ, ಅದನ್ನೇ ಇಲ್ಲಿ ಗಟ್ಟಿಯಾಗಿ ಹೇಳಿ, ಗಜಣ್ಣ ಕುಣಿಯಲಿ, ನಾನು ಚಂಡೆ ಬಾರಿಸುತ್ತೇನೆ ಎಂದು ಬರೆದಿದ್ದಳು. ಓದಿ ಹೇಳಿದಾಗ ಗಜಣ್ಣ ಎದ್ದು ಒಳಗೆ ಹೋದ. ಅಟ್ಟದ ಪೆಟ್ಟಿಗೆಯಿಂದ ಗೆಜ್ಜೆ ತೆಗೆಯುವ ಸದ್ದು ಕೇಳಿಸಿತು.

ವಿಮಾನ ನಿಲ್ದಾಣ

ಯಾವ ವಿಮಾನ ನಿಲ್ದಾಣ ಎಂದು ಹೇಳುವುದಿಲ್ಲ. ಹೇಳಿದರೆ ಉಳಿದ ನಿಲ್ದಾಣಗಳು ತಾವು ಒಳ್ಳೆಯವು ಎಂದುಕೊಂಡುಬಿಡುತ್ತವೆ.

ಬಾಗಿಲಲ್ಲೇ ಒಬ್ಬ ಗಾಲಿಕುರ್ಚಿ ತಳ್ಳಿಕೊಂಡು ಬಂದ. ಹುಬ್ಬಳ್ಳಿ ಕಡೆಯವನಿರಬೇಕು, "ಅಜ್ಜಾರ, ಇದರಾಗ ಕುಂದರ್ರಿ" ಎಂದ. ಗಜಣ್ಣನಿಗೆ ಐವತ್ತಾರು. ನಡೆಯುತ್ತಾರೆ, ಕಾಲಿಗೆ ಏನೂ ಆಗಿಲ್ಲ, ನನ್ನ ತೋಳು ಹಿಡಿದರೆ ಸಾಕು ಎಂದು ನಾನು ಹೇಳಿದೆ. ನಿಯಮ ಎಂದರು. ಯಾವ ನಿಯಮ ತೋರಿಸಿ ಎಂದೆ. ಇನ್ನೊಬ್ಬರನ್ನು ಕರೆದರು, ಅವರು ಮತ್ತೊಬ್ಬರನ್ನು ಕರೆದರು. ಮೂವರೂ ಮಾತಾಡಿದ್ದು ನನ್ನ ಹತ್ತಿರವೇ. ಇವರಿಗೆ ಮಾತ್ರೆ ಇದೆಯೇ, ಇವರು ಶೌಚಾಲಯಕ್ಕೆ ಹೋಗಬೇಕೇ, ಇವರು ಗಲಾಟೆ ಮಾಡುತ್ತಾರೆಯೇ? ಗಲಾಟೆ ಮಾಡುವವಳು ನಾನು ಎಂದೆ. ಒಂದೇ ಸಮನೆ ಮೂವತ್ತು ಮಂಡಿ ಹಾಕುತ್ತಿದ್ದ ಕಾಲನ್ನು ಕುರ್ಚಿಯಲ್ಲಿಟ್ಟು ತಳ್ಳಲು ಹೊರಟಿದ್ದರು.

ಕೊನೆಗೆ ಗಜಣ್ಣನೇ ಕೈಯಾಡಿಸಿ ಕುರ್ಚಿ ಹುಡುಕಿ ಕೂತ. "ಬಿಡು ತಂಗಿ. ರಾಜನ ವೇಷದವಂಗೆ ರಥ ಬಂಜು ಹೇಳಿ ತಿಳ್ಕ" ಎಂದ. ತಳ್ಳುವವನು ನಕ್ಕ. ನನಗೆ ನಗು ಬರಲಿಲ್ಲ. ಅವನು ಎಲ್ಲದಕ್ಕೂ ಹೀಗೆ ಬಿಡು ಬಿಡು ಎಂದೇ ಎಂಟು ವರ್ಷ ಕಳೆದಿದ್ದಾನೆ, ಅವನ ಪಾಲಿನ ಸಿಟ್ಟನ್ನೂ ನಾನೇ ಮಾಡಬೇಕಾಗಿದೆ ಎಂದು ವಿಮಾನ ಮೇಲೇರುವವರೆಗೂ ಗೊಣಗಿದೆ.

ಗ್ಲಾಸ್ಗೋ, ಮೊದಲ ದಿನ

ಮೊರಾಗಳ ನಾಟಕಶಾಲೆ ಹಿಂದೆ ಸಣ್ಣದೊಂದು ಶಾಲೆಯಾಗಿತ್ತಂತೆ. ಗೋಡೆಯ ಮೇಲೆ ಈಗಲೂ ಮಕ್ಕಳ ಎತ್ತರಕ್ಕೆ ಕೋಟು ತೂಗುಹಾಕುವ ಗೂಟಗಳಿವೆ. ಅಲ್ಲಿಯವರು ಏನಾದರೊಂದಕ್ಕೆ ಕ್ಷಮೆ ಕೇಳುತ್ತಲೇ ಇರುತ್ತಾರೆ. ನಾನು ಅವರ ಕಾಲು ತುಳಿದರೂ ಅವರೇ ಕ್ಷಮೆ ಕೇಳಿದರು. ಮಧ್ಯಾಹ್ನ ಊಟ ಎಂದು ಕೊಟ್ಟದ್ದು ಒಂದು ಬಟ್ಟಲು ಸಾರು, ಬ್ರೆಡ್ಡು. ಇದು ಬರೀ ಶುರು ಎಂದುಕೊಂಡು ನಾವು ಅನ್ನಕ್ಕೆ ಕಾಯುತ್ತ ಕೂತೆವು. ತಟ್ಟೆ ಎತ್ತಿಕೊಂಡು ಹೋದ ಮೇಲೆ ತಿಳಿಯಿತು, ಊಟ ಮುಗಿದಿತ್ತು.

ಮೂವತ್ತು ಜನ ದುಂಡಗೆ ಕೂತೆವು. ಆ ಕೂಟದ ಪದ್ಧತಿ ಎಂದರೆ ಪ್ರತಿಯೊಬ್ಬರೂ ಹೆಸರು ಹೇಳಿದ ಮೇಲೆ ತಾವು ನೋಡಲು ಹೇಗಿದ್ದೇವೆ ಎಂದೂ ಹೇಳಬೇಕು, ಕಾಣದವರಿಗೆ ಗೊತ್ತಾಗಲಿ ಎಂದು. ಒಬ್ಬರು ತಮ್ಮ ಮೂಗು ಸೊಟ್ಟಗಿದೆ ಎಂದರು. ಒಬ್ಬರು ತಮ್ಮ ಸ್ವೆಟರಿನ ಬಣ್ಣ ಯಾರಿಗೂ ಇಷ್ಟವಿಲ್ಲ ಎಂದರು. ನನ್ನ ಸರದಿ ಬಂದಾಗ ನಾನು ಇವರ ತಂಗಿ, ಶಿಕ್ಷಕಿ ಎಂದು ಹೇಳಿ ಕೂತುಬಿಟ್ಟೆ. ಐದೂಕಾಲು ಅಡಿ, ದಪ್ಪ ಕನ್ನಡಕ, ಗಂಟಿಕ್ಕಿದ ಹುಬ್ಬು ಎಂದು ಹೇಳಲು ನಾಲಿಗೆ ಬರಲಿಲ್ಲ. ಗಜಣ್ಣ ಎದ್ದು ನಿಂತು, ತನ್ನ ಪಾದ ದೊಡ್ಡದು, ಹೆಗಲು ಅಗಲ, ಮುಖ ನೋಡಿಕೊಂಡು ಎಂಟು ವರ್ಷವಾಯಿತು, ಅದನ್ನು ತಂಗಿ ಹೇಳುತ್ತಾಳೆ ಎಂದ. ಮೊರಾಗ್ ಇಂಗ್ಲಿಷಿನಲ್ಲಿ ಹೇಳಿದಳು. ಎಲ್ಲರೂ ನನ್ನ ಕಡೆ ತಿರುಗಿದರು.

ನಾನು ಅವನ ಮುಖ ನೋಡಿದೆ. ಉದ್ದ ಮೂಗು, ಎಡಗೆನ್ನೆಯಲ್ಲಿ ಮಚ್ಚೆ, ಕೂದಲು ಪೂರ್ತಿ ಬಿಳಿ ಎಂದೆ. ಗಜಣ್ಣ ತಲೆಗೆ ಕೈ ಹಾಕಿಕೊಂಡ.

"ಪೂರ್ತಿ ಬೆಳ್ಳಗಾಜಾ?" ಎಂದು ಮೆಲ್ಲಗೆ ಕೇಳಿದ.

ಎಂಟು ವರ್ಷದಲ್ಲಿ ನಾನು ಅವನಿಗೆ ಎಷ್ಟು ರಾಕ್ಷಸರ ಬಣ್ಣ, ಎಷ್ಟು ಸೀರೆಯ ಅಂಚು ಹೇಳಿದ್ದೇನೋ ಲೆಕ್ಕವಿಲ್ಲ. ಅವನ ಕೂದಲು ನೆರೆತದ್ದನ್ನು ಹೇಳಿರಲಿಲ್ಲ. ನೊಂದುಕೊಂಡಾನು ಎಂದು ನಾನೇ ತೀರ್ಮಾನ ಮಾಡಿದ್ದೆ. ಗಜಣ್ಣ ನೊಂದುಕೊಳ್ಳಲಿಲ್ಲ, ಇನ್ನು ಮುದುಕರಾಜನ ವೇಷಕ್ಕೆ ಬಣ್ಣ ಉಳಿಯಿತು ಎಂದ. ನನಗೆ ಮಾತ್ರ ಆ ಇಡೀ ದಿನ ಮುಖ ಎತ್ತಲಾಗಲಿಲ್ಲ.

ಎರಡನೆಯ ದಿನ

ಎರಡನೆಯ ದಿನ ಒಂದು ನಾಟಕ ನೋಡಿದೆವು. ಬಟ್ಟೆ ಒಗೆಯುವ ಹೆಂಗಸರ ಕಥೆ. ರಂಗದ ಮೇಲೆ ಅಡ್ಡಡ್ಡ ಹಗ್ಗ ಕಟ್ಟಿ ಬಿಳಿ ದುಪ್ಪಟಿ ಒಣಗಿಸಿದ್ದರು. ಪಾತ್ರಗಳು ಆಡುವ ಮಾತು ಅಕ್ಷರವಾಗಿ ಆ ದುಪ್ಪಟಿಗಳ ಮೇಲೇ ಮೂಡುತ್ತಿತ್ತು, ಕಿವಿ ಕೇಳದವರು ಓದಿಕೊಳ್ಳಲಿ ಎಂದು. ಜಗಳವಾದಾಗ ನಟಿಯೊಬ್ಬಳು ಸಿಟ್ಟಿನಿಂದ ದುಪ್ಪಟಿ ಎಳೆದು ಮುದ್ದೆ ಮಾಡಿದಳು, ಎದುರಿನವಳ ಮಾತೂ ಅದರೊಳಗೆ ಮುದ್ದೆಯಾಯಿತು. ಕೈಸನ್ನೆಯಲ್ಲಿ ಮಾತು ತಿಳಿಸುವವಳು ಮೂಲೆಯಲ್ಲಿ ನಿಂತಿರಲಿಲ್ಲ. ಅವಳೂ ಒಬ್ಬ ಒಗೆಯುವವಳು. ಉಳಿದವರು ಬಾಯಲ್ಲಿ ಹೇಳದೆ ನುಂಗಿಕೊಂಡದ್ದನ್ನೂ ಅವಳ ಕೈ ಹೇಳಿಬಿಡುತ್ತಿತ್ತು. ನಾಟಕ ಕಟ್ಟಿದ ಮೇಲೆ ತಂದು ಅಂಟಿಸಿದ್ದು ಇದರಲ್ಲಿ ಒಂದೂ ಇರಲಿಲ್ಲ. ತೆಗೆದರೆ ನಾಟಕವೇ ಬೀಳುತ್ತಿತ್ತು.

ಸಂತೋಷ ಪಡಬೇಕಿತ್ತು. ನನಗೆ ಉರಿಯಿತು. ಎರಡು ದುಪ್ಪಟಿ, ಒಂದು ಹಗ್ಗ, ಇಷ್ಟಕ್ಕೆ ಏನು ಆಕಾಶದಿಂದ ಇಳಿದುಬರಬೇಕೇ? ನಮ್ಮಲ್ಲಿ ಬೀಗ ಹಾಕಿದ ಬಾಗಿಲಿಗೆ ಇಳಿಜಾರು ಕಟ್ಟುವ ಸಿಮೆಂಟಿದೆ, ಇಷ್ಟು ಯೋಚನೆ ಇಲ್ಲ.

ಆಗಲೇ ಹಿಂದಿನ ಸಾಲಿನಲ್ಲಿ ಒಬ್ಬ ಗಟ್ಟಿಯಾಗಿ ಹ್ಹೋ ಎಂದ. ಎತ್ತರದ ಗಂಡಸು, ಕೂತಲ್ಲೇ ಹಿಂದೆ ಮುಂದೆ ತೂಗುತ್ತಿದ್ದ. ಸ್ವಲ್ಪ ಹೊತ್ತಿಗೆ ಮತ್ತೆ ಹ್ಹೋ. ನಾನು ಹಿಂದಕ್ಕೆ ತಿರುಗಿ ಶ್ ಎಂದೆ.

ಬಾಯಿಂದ ಬಂದ ಮೇಲೆ ತಿಳಿಯಿತು. ಆ ಮನುಷ್ಯ ಒಂದು ಕ್ಷಣ ತೂಗುವುದನ್ನು ನಿಲ್ಲಿಸಿ ಮತ್ತೆ ತೂಗತೊಡಗಿದ. ರಂಗದ ಮೇಲಿದ್ದವಳೊಬ್ಬಳು ಅವನ ಹ್ಹೋಗೆ ಉತ್ತರವಾಗಿ ಹ್ಹೋ ಎಂದು ಬಟ್ಟೆ ಹಿಂಡಿದಳು, ಜನ ನಕ್ಕರು, ಅವನೂ ನಕ್ಕ. ನಾನು ಯಲ್ಲಾಪುರದ ಆ ಮಹನೀಯರನ್ನು ನೆನೆದು ಕೂತಿದ್ದೆ. ಅವರ ಶ್ ಮತ್ತು ನನ್ನ ಶ್ ಎರಡೂ ಒಂದೇ ಅಳತೆಯವು. ಇಪ್ಪತ್ತು ವರ್ಷ ತರಗತಿಯಲ್ಲಿ ಅಂದು ಅಂದು ಪಳಗಿದ್ದು ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ.

ಮೂರನೆಯ ದಿನ

ಮರುದಿನ ನಮ್ಮ ಪ್ರದರ್ಶನ. ಅದಕ್ಕೆ ಮೊದಲು, ಕಣ್ಣು ಕಾಣದ ಪ್ರೇಕ್ಷಕರು ವೇಷಭೂಷಣಗಳನ್ನು ಮುಟ್ಟಿ ನೋಡುವ ಕ್ರಮವಿದೆ ಎಂದು ಮೊರಾಗ್ ಹೇಳಿದಳು. ಯಾವುದನ್ನೆಲ್ಲ ಮುಟ್ಟಬಹುದು ಎಂದು ನನ್ನನ್ನು ಕೇಳಿದಳು. ಎದೆಕಟ್ಟು, ತೋಳಿನ ಪಟ್ಟಿ, ಗೆಜ್ಜೆ ಇಷ್ಟನ್ನು ಮುಟ್ಟಲಿ, ಕಿರೀಟ ಬೇಡ ಎಂದೆ. ಕಿರೀಟವನ್ನು ನಮ್ಮಲ್ಲಿ ದೀಪದ ಮುಂದಿಟ್ಟು ಕೈಮುಗಿದು ತಲೆಗೇರಿಸುತ್ತಾರೆ. ಕಂಡಕಂಡವರು ಕೈಯಾಡಿಸುವ ವಸ್ತು ಅಲ್ಲ.

ಮುಟ್ಟಲು ಬಂದವರಲ್ಲಿ ಆಗ್ನೆಸ್ ಎಂಬ ಮುದುಕಿ ಇದ್ದಳು. ಹುಟ್ಟಿನಿಂದಲೇ ಕಣ್ಣಿಲ್ಲ. ಟೆಲಿಫೋನ್ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತಿಯಾದವಳು. ಜೊತೆಗೆ ದಾರಿ ತೋರಿಸುವ ನಾಯಿ. ಎದೆಕಟ್ಟು ಮುಟ್ಟಿ, ಗೆಜ್ಜೆ ಅಲುಗಿಸಿ, ತಲೆಗೆ ಏನು ಹಾಕುತ್ತೀರಿ ಎಂದು ಮೊರಾಗಳ ಮೂಲಕ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಗಜಣ್ಣ ಬಟ್ಟೆಯ ಗಂಟು ಬಿಚ್ಚಿ, ಹಣೆಗೊತ್ತಿಕೊಂಡು, ಕಿರೀಟವನ್ನು ಅವಳ ಕೈಗೇ ಇಟ್ಟ. ನಾಯಿ ಬಂದು ಮೂಗು ತೂರಿಸಿತು. ನಾನು ಕನ್ನಡದಲ್ಲೇ ಹಚಾ ಎಂದೆ. ನಾಯಿಗೆ ಅದು ಅರ್ಥವಾಯಿತು.

ಸಿಟ್ಟು ತಡೆಯಲಿಲ್ಲ. ನಿನಗಾದರೂ ಗೊತ್ತಾಗಬೇಡವೇ, ನಾಯಿಯ ಮುಂದೆ ಯಾರಾದರೂ ಕಿರೀಟ ಹಿಡಿಯುತ್ತಾರೆಯೇ ಎಂದು ಅಣ್ಣನನ್ನು ಎಲ್ಲರೆದುರೇ ಗದರಿದೆ. "ಈ ಅಜ್ಜಿಗೆ ಕೈಯೇ ಕಣ್ಣು, ತಂಗಿ. ಕಣ್ಣಿದ್ದವರೆಲ್ಲ ನೋಡಕ್ಕು, ಅದು ನೋಡಲಾಗ ಹೇಳಿ ಇದ್ದಾ?" ಎಂದ. ಆಗ್ನೆಸ್ ಅಷ್ಟರಲ್ಲಿ ಕಿರೀಟದ ಸುತ್ತ ಹರಿಸುತ್ತಿದ್ದ ಬೆರಳನ್ನು ಎಡಬದಿಯಲ್ಲಿ ನಿಲ್ಲಿಸಿದಳು. ಇಲ್ಲಿ ಒಂದು ಮಣಿ ಇಲ್ಲ ಎಂದಳು. ಉಮ್ಮಚಗಿಯ ಆಟದಲ್ಲಿ ಚಪ್ಪರದ ಕಂಬಕ್ಕೆ ತಾಗಿ ಬಿದ್ದದ್ದು ಎಂದ ಗಜಣ್ಣ. ಆ ಕಿರೀಟವನ್ನು ಎಂಟು ವರ್ಷ ಧೂಳು ಒರೆಸಿ ಇಟ್ಟವಳು ನಾನು. ಮಣಿ ಬಿದ್ದದ್ದನ್ನು ನೋಡಿರಲಿಲ್ಲ.

ನಾಲ್ಕನೆಯ ದಿನ

ರಂಗದ ಅಂಚು ತಿಳಿಯಲೆಂದು ನೆಲದ ಮೇಲೆ ದಪ್ಪ ಹಗ್ಗ ಅಂಟಿಸಿಕೊಡುತ್ತೇವೆ ಎಂದು ಅಲ್ಲಿಯವರು ಹೇಳಿದ್ದರು. ಗಜಣ್ಣ ಬೇಡ ಎಂದ. ಹಾಡು ಮತ್ತು ಮದ್ದಲೆಯನ್ನು ನಾವು ಧ್ವನಿಮುದ್ರಿಸಿಕೊಂಡು ಹೋಗಿದ್ದೆವು. ಅದು ಬೆನ್ನ ಹಿಂದಿನಿಂದ ಕೇಳುತ್ತದೆ, ಚಂಡೆ ಒಂದು ಬದಿಯಿಂದ ಕೇಳುತ್ತದೆ, ಊರಿನಲ್ಲೂ ಹೀಗೇ ಇರುವುದು, ನಾನು ಎಲ್ಲಿದ್ದೇನೆ ಎಂದು ಇವೆರಡೇ ಹೇಳುತ್ತವೆ ಎಂದ. ಅಂಚಿಗೆ ಎರಡು ಹೆಜ್ಜೆ ಇರುವಾಗ ಚಂಡೆಯ ಮರಕ್ಕೆ ಒಂದು ಒಣ ಪೆಟ್ಟು ಹಾಕು ಎಂದು ಮೊರಾಗಳಿಗೆ ಹೇಳಿದ. ಎರಡು ಸಲ ಅಭ್ಯಾಸವಾಯಿತು. ಆ ಪೆಟ್ಟು ತಾಳದೊಳಗೇ ಕೂತುಕೊಂಡಿತು.

ಸಂಜೆ ನಾಲ್ಕಕ್ಕೆ ಪ್ರದರ್ಶನ. ನಾನು ಮೈಕು ಹಿಡಿದೆ. ಎಂಟು ವರ್ಷದ ಪಿಸುಮಾತನ್ನು ಗಟ್ಟಿಯಾಗಿ, ನನ್ನ ಇಂಗ್ಲಿಷಿನಲ್ಲಿ ಹೇಳಿದೆ. ಗಜಣ್ಣ ಕುಣಿದ. ಟಕ್ ಎಂದಾಗಲೆಲ್ಲ ಜನ ಉಸಿರು ಹಿಡಿದರು, ಅವನು ಅಂಚಿನಲ್ಲೇ ತಿರುಗಿ ಒಳಗೆ ಬಂದ. ಹನ್ನೊಂದು ಮಂಡಿ ಹಾಕಿದ. ಮುಗಿದಾಗ ನನ್ನ ಕಣ್ಣಲ್ಲಿ ನೀರು ನಿಂತಿತ್ತು.

ಆಗ್ನೆಸ್ ನನ್ನ ಹತ್ತಿರ ಬಂದಳು. ಹೊಗಳುತ್ತಾಳೆ ಎಂದುಕೊಂಡೆ. ಮೊರಾಗ್ ನಡುವೆ ನಿಂತು ಕನ್ನಡಕ್ಕೆ ತಂದದ್ದು ಹೀಗೆ:

"ಸುಶೀಲಕ್ಕ, ನೀವು ಒಂಬತ್ತು ಸಲ ಪಾಪ ಅಂದಿರಂತೆ. ಆರು ಸಲ ಕಣ್ಣು ಕಾಣದಿದ್ದರೂ ಅಂದಿರಂತೆ. ಕಣ್ಣು ಕಾಣದ್ದು ಅವರಿಗೆ ಗೊತ್ತು, ಗಜಣ್ಣನ ಕಾಲು ಏನು ಮಾಡಿತು ಅಂತ ಕೇಳೋಕೆ ಬಂದಿದ್ದರಂತೆ. ಅದನ್ನ ನೀವು ಹೇಳಲೇ ಇಲ್ಲ ಅಂತಾರೆ."

ಏನೋ ಬಿರುಸಾಗಿ ಹೇಳಲು ಹೊರಟೆ. ಪಕ್ಕದಲ್ಲಿ ಗಜಣ್ಣ ನಗುತ್ತಿದ್ದ. ಹೊಟ್ಟೆ ಹಿಡಿದುಕೊಂಡು, ಕಟ್ಟಿದ ವೇಷ ಅಲುಗುವ ಹಾಗೆ ನಗುತ್ತಿದ್ದ. ನಗು ಯಾಕೆ ಎಂದರೆ, ಇದನ್ನು ಹೇಗೆ ಹೇಳುವುದು ಎಂದು ಎಂಟು ವರ್ಷದಿಂದ ಯೋಚಿಸುತ್ತಿದ್ದೆ, ಈ ಅಜ್ಜಿ ಒಂದೇ ಮಾತಿಗೆ ಹೇಳಿಬಿಟ್ಟಿತು ಎಂದ.

ಐದನೆಯ ದಿನ

ಬೆಳಿಗ್ಗೆ ಹೊರಗಿನ ಬೆಂಚಿನ ಮೇಲೆ ಇಬ್ಬರೇ ಕೂತಿದ್ದೆವು. ಚಹಾ ಇತ್ತು, ಅವರ ಪದ್ಧತಿಯಂತೆ ತಣ್ಣನೆ ಹಾಲು ಹೊಯ್ದದ್ದು. ನಾನು ಯಾರಿಗೂ ಹೇಳದ ಒಂದು ವಿಷಯವನ್ನು ಅವನಿಗೆ ಹೇಳಬೇಕಾಗಿತ್ತು.

ಕಣ್ಣು ಪೂರ್ತಿ ಹೋದ ಮರುವರ್ಷ ಮಂಡಳಿಯ ಕಾರ್ಯದರ್ಶಿ ಸೀತಾರಾಮಣ್ಣ ಶಿರಸಿಯ ನಮ್ಮ ಮನೆಗೆ ಬಂದಿದ್ದರು. ವಾರ್ಷಿಕ ಆಟದಲ್ಲಿ ಗಜಣ್ಣ ಒಂದು ಪಾತ್ರ ಮಾಡಲಿ, ಕುಣಿತ ಎಷ್ಟಾಗುತ್ತದೋ ಅಷ್ಟು ಮಾಡಲಿ ಎಂದು ಕೇಳಲು ಬಂದವರು. ನಾನು ಅವರನ್ನು ಗೇಟಿನಲ್ಲೇ ನಿಲ್ಲಿಸಿ ಮಾತಾಡಿದೆ. ಬೇಡ, ಅವನಿಗೆ ಹೇಳಲೂ ಬೇಡಿ, ಆಸೆ ಹುಟ್ಟುತ್ತದೆ, ಬಿದ್ದರೆ ಯಾರು ಹೊಣೆ ಎಂದೆ. ಅವರು ತಲೆಯಾಡಿಸಿ ಹೋದರು. ಆ ಮಾತು ಮಂಡಳಿಯದ್ದಾಯಿತು. ಮುಂದೆ ಪ್ರತಿ ವರ್ಷ ಅದೇ ಮಾತು ತಿರುಗಿ ಬಂದಾಗ ನಾನು ಮಂಡಳಿಯವರ ವಂಶವನ್ನೆಲ್ಲ ಬೈದೆ. ಬೈದೂ ಬೈದೂ, ಅದು ನನ್ನ ಬಾಯಿಂದ ಹೊರಟದ್ದು ಎಂಬುದೇ ಮರೆತುಹೋಗಿತ್ತು. ಮರೆತಂತೆ ಮಾಡಿದ್ದೆ ಎನ್ನುವುದು ಸರಿ.

ಹೇಳಿ ಮುಗಿಸಿದೆ. ಗಜಣ್ಣ ಚಹಾ ಕುಡಿದು ಕಪ್ಪನ್ನು ಬೆಂಚಿನ ಮೇಲೆ ತಡವಿ ಇಟ್ಟ.

"ಗೊತ್ತಿದ್ದು" ಎಂದ. "ಕಿಟಕಿ ತೆಗೆದಿತ್ತು. ಆನು ಒಳಗೇ ಇದ್ದಿದ್ದೆ."

ಏಳು ವರ್ಷ ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ.

"ನಿನ್ನ ಸಿಟ್ಟು ಎಲ್ಲರ ಮೇಲೂ ಬಂತು. ನಿನ್ನ ಮೇಲೆ ಯಾವಾಗ ಬತ್ತು ಹೇಳಿ ಕಾಯ್ತಾ ಇದ್ದಿದ್ದೆ" ಎಂದ.

ಇಷ್ಟೇ ಹೇಳಿದ. ಬಿಡು ಎನ್ನಲಿಲ್ಲ. ಅವನು ಬಿಡು ಎನ್ನದೆ ಹೋದದ್ದು ಅದೇ ಮೊದಲು, ಅದರಿಂದಲೇ ಅವನಿಗೆಷ್ಟು ಸಿಟ್ಟಿತ್ತು ಎಂದು ನನಗೆ ತಿಳಿಯಿತು. ಆಮೇಲೆ, ಊರಿಗೆ ಹೋಗಿ ಮಂಡಳಿಯವರನ್ನು ಕೇಳೋಣ, ಈ ಸಲ ಕೇಳುವುದು ನಾನೇ ಎಂದ.

ಸಿದ್ದಾಪುರ

ಮಂಡಳಿಯ ಸಭೆ ಒಂದು ಅಂಗಡಿಯ ಮೇಲಿನ ಕೋಣೆಯಲ್ಲಿ ನಡೆಯುತ್ತದೆ. ಕಡಿದಾದ ಮೆಟ್ಟಿಲು, ಗಜಣ್ಣ ನನಗಿಂತ ಮೊದಲು ಹತ್ತಿದ. ಎಂಟು ಜನ ಇದ್ದರು. ವಿದೇಶಕ್ಕೆ ಹೋಗಿ ಬಂದದ್ದಕ್ಕೆ ಇನ್ನೊಂದು ಸನ್ಮಾನ ಇಟ್ಟುಕೊಳ್ಳೋಣ ಎಂದು ಒಬ್ಬರು ಸೂಚಿಸಿದರು. ಶಾಲು ಮನೆಯಲ್ಲಿ ಬೇಕಾದಷ್ಟಿದೆ ಎಂದೆ. ಗಜಣ್ಣ ತನಗೆ ಒಡ್ಡೋಲಗ ಬೇಕು ಎಂದು ಕೇಳಿದ. ಎಲ್ಲರೂ ಸೀತಾರಾಮಣ್ಣನ ಮುಖ ನೋಡಿದರು, ಸೀತಾರಾಮಣ್ಣ ನನ್ನ ಮುಖ ನೋಡಿದರು.

"ಬಿದ್ದರೆ ಯಾರು ಹೊಣೆ ಅಂತ ಕೇಳಿದ್ದು ನೀವೇ ಅಲ್ಲವಾ ಸುಶೀಲಕ್ಕ" ಎಂದರು. ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ಉತ್ತರ ಬೇಕಾಗಿತ್ತು ಅವರಿಗೆ.

ನಾನು ತಲೆ ತಗ್ಗಿಸಿ, ಹೌದು, ನಾನೇ ಕೇಳಿದ್ದು, ತಪ್ಪು ಮಾಡಿದೆ ಎಂದೆ. ಗಜಣ್ಣ ಶಾಂತವಾಗಿ, "ಬಿದ್ದವನೇ ಹೊಣೆ" ಎಂದ. ಸೀತಾರಾಮಣ್ಣ ವಾರ್ಷಿಕ ಆಟದ ಪಟ್ಟಿಯಲ್ಲಿ ಅವನ ಹೆಸರು ಬರೆದುಕೊಂಡರು. ಇಷ್ಟು ಸಣ್ಣ ಉತ್ತರ ಇಷ್ಟು ವರ್ಷ ಹೊಳೆಯದೆ ಇದ್ದದ್ದಲ್ಲ, ಆ ಪ್ರಶ್ನೆಯನ್ನು ಯಾರೂ ಅವನನ್ನು ಕೇಳಿರಲೇ ಇಲ್ಲ.

ಕುಣಿತವನ್ನು ಹೇಳುವುದು ಹೇಗೆಂಬ ಉಪಾಯವೂ ಗಜಣ್ಣನದೇ. ಒಡ್ಡೋಲಗದಲ್ಲಿ ಬಂದ ರಾಜನನ್ನು, ಹಾಡುವ ಭಾಗವತರು ನೀನು ಯಾರು, ಎತ್ತ ಎಂದು ಮಾತಾಡಿಸುವ ಕ್ರಮ ಆಟದಲ್ಲಿ ಮೊದಲಿಂದಲೂ ಇದೆ. ಹಾಗೆಯೇ ಭಾಗವತರು ಪ್ರತಿ ಪದ್ಯದ ಕೊನೆಗೆ, ಬಂದವನು ಹೇಗೆ ಬಂದ, ಕಾಲು ಎಲ್ಲಿಟ್ಟ ಎಂದು ಕೇಳಬೇಕು. ರಂಗದ ಬದಿಯಲ್ಲಿ ಊರಿನ ಹೆಂಗಸಿನ ಪಾತ್ರವಾಗಿ ಕೂತ ನಾನು ಉತ್ತರ ಹೇಳಬೇಕು. ಮದ್ದಲೆ ಅಷ್ಟು ಹೊತ್ತು ಮೆಲ್ಲಗೆ ನುಡಿಯುತ್ತಿರುತ್ತದೆ. ಭಾಗವತರು ಮೊದಲು ಮೂಗು ಮುರಿದರು, ಎರಡನೆಯ ಅಭ್ಯಾಸದ ಹೊತ್ತಿಗೆ ತಾವೇ ಹೊಸ ಹೊಸ ಪ್ರಶ್ನೆ ಹಾಕತೊಡಗಿದರು. ಚಂಡೆಯವರು ಅಂಚಿನ ಪೆಟ್ಟು ಕಲಿತರು.

ಆಟದ ದಿನ ಸಭಾಭವನ ತುಂಬಿತ್ತು. ಮುಂದಿನ ಸಾಲಿನಲ್ಲಿ ಉಮ್ಮಚಗಿಯ ಗೋದಾವರಕ್ಕ ಕೂತಿದ್ದರು. ಕಣ್ಣು ಹೋದ ಮೇಲೆ ಮನೆಯವರು ಅವರನ್ನು ಆಟಕ್ಕೆ ಕರೆದುಕೊಂಡು ಹೋಗುವುದನ್ನೇ ಬಿಟ್ಟಿದ್ದರು. ನಾನು ಹಟ ಮಾಡಿ ಕರೆಸಿದ್ದೆ. ಚಂಡೆ ಏರಿತು. ಗಜಣ್ಣ ಬಂದ. ಭಾಗವತರು ಕೇಳಿದರು, ನಾನು ಹೇಳಿದೆ: ಬಲಗಾಲು ನೆಲಕ್ಕೆ ಒದ್ದ, ಎಡಕ್ಕೆ ತಿರುಗಿದ, ಎರಡೂ ತೋಳು ಹೆಗಲ ಮಟ್ಟಕ್ಕೆ ಎತ್ತಿದ. ಚೆನ್ನಾಗಿದೆ ಎನ್ನಲಿಲ್ಲ, ಪಾಪ ಎನ್ನಲಿಲ್ಲ. ಅಂಚಿನ ಪೆಟ್ಟು ಬಿದ್ದಾಗಲೆಲ್ಲ ಗೋದಾವರಕ್ಕ ಸೆರಗು ಬಿಗಿಹಿಡಿಯುತ್ತಿದ್ದರು.

ಮೂರನೆಯ ಪದ್ಯದಲ್ಲಿ ನನ್ನ ಕಣ್ಣಿಗೆ ಅದು ಬಿತ್ತು. ರಂಗದ ಮುಂದಿನ ಅಂಚಿನುದ್ದಕ್ಕೆ ಒಂದು ದಪ್ಪ ಜಮಖಾನ ಹಾಸಿತ್ತು. ಅಭ್ಯಾಸದ ದಿನ ಅದು ಇರಲಿಲ್ಲ. ಬಿದ್ದರೂ ಪೆಟ್ಟಾಗದಿರಲಿ ಎಂದು ಸೀತಾರಾಮಣ್ಣ ತಾವೇ ಮನೆಯಿಂದ ತಂದು, ಯಾರಿಗೂ ಹೇಳದೆ, ಆಟ ಶುರುವಾಗುವ ಮೊದಲು ಹಾಸಿದ್ದರು. ಕುಣಿತದ ರಭಸಕ್ಕೆ ಅದರ ಒಂದು ತುದಿ ಮಡಿಚಿಕೊಂಡಿತ್ತು. ಹೇಳಬೇಕೆನ್ನುವಷ್ಟರಲ್ಲಿ ಗಜಣ್ಣನ ಎಡಗಾಲು ಆ ಮಡಿಕೆಯೊಳಗೆ ಸಿಕ್ಕಿತು. ಎರಡೂ ಮೊಣಕಾಲ ಮೇಲೆ ದಡಕ್ಕನೆ ಬಿದ್ದ.

ಜನ ಚಪ್ಪಾಳೆ ತಟ್ಟಿದರು. ಮಂಡಿ ಹಾಕಿದ ಎಂದುಕೊಂಡವರು ಕೆಲವರು. ಬಿದ್ದದ್ದು ಗೊತ್ತಾಗಿಯೂ ಕರುಣೆಗೆ ತಟ್ಟಿದವರು ಹೆಚ್ಚು. ಭಾಗವತರು ನನ್ನ ಕಡೆ ನೋಡಿದರು, ಕೇಳಲೋ ಬೇಡವೋ ಎಂದು. ಆಮೇಲೆ ಕೇಳಿಯೇಬಿಟ್ಟರು: "ರಾಜ ಏನು ಮಾಡಿದ ತಾಯಿ?"

ಸುಳ್ಳು ಹೇಳುವುದು ಬಹಳ ಸುಲಭವಿತ್ತು. ಮಂಡಿ ಹಾಕಿದ ಎಂದರೆ ಎಲ್ಲರೂ ಒಪ್ಪುತ್ತಿದ್ದರು.

"ಮಂಡಿ ಅಲ್ಲ" ಎಂದೆ ಮೈಕಿನಲ್ಲಿ. "ಜಮಖಾನ ಕಾಲಿಗೆ ಸಿಕ್ಕಿ ಬಿದ್ದ. ಎದ್ದ."

ಚಪ್ಪಾಳೆ ನಿಂತಿತು. ಗೋದಾವರಕ್ಕ ಗಟ್ಟಿಯಾಗಿ ಕೇಳಿದರು: "ಯಾವ ಕಾಲು ಮೊದಲು ಎತ್ತಿದ?"

ಹಿಂದಿನ ಸಾಲಿನಿಂದ ಯಾರೋ ಶ್ ಎಂದರು. ನಾನು ಆ ಕಡೆ ನೋಡಲಿಲ್ಲ.

"ಬಲಗಾಲು" ಎಂದೆ. ಗಜಣ್ಣ ಅಲ್ಲೇ ನಿಂತು ಆ ಬಲಗಾಲನ್ನು ಒಮ್ಮೆ ಒದ್ದ, ಗೆಜ್ಜೆ ಕೇಳುವ ಹಾಗೆ. ಚಂಡೆ ಹಿಡಿದುಕೊಂಡಿತು. ಆಮೇಲೆ ನಿಜವಾದ ಮಂಡಿ ಹಾಕಿದ, ನಾನು ಒಂದೊಂದನ್ನೂ ಎಣಿಸಿ ಹೇಳಿದೆ. ಒಂಬತ್ತು. ಹಳೆಯ ಕಾಲದ ಮೂವತ್ತು ಅಲ್ಲ, ಒಂಬತ್ತೇ.

ಆಟ ಮುಗಿದ ಮೇಲೆ ವೇಷ ಬಿಚ್ಚುವ ಚೌಕಿಗೆ ಹೋದೆ. ಗಜಣ್ಣನ ಎರಡೂ ಮೊಣಕಾಲು ಊದಿಕೊಂಡಿದ್ದವು. ಸೀತಾರಾಮಣ್ಣ ಬಾಗಿಲಲ್ಲಿ ಆ ಜಮಖಾನ ಸುತ್ತಿ ಕಂಕುಳಲ್ಲಿಟ್ಟುಕೊಂಡು ನಿಂತಿದ್ದರು, ಒಳಗೆ ಬರಲು ಧೈರ್ಯವಾಗದೆ. ಅವರಿಗೆ ಬೈಯಲು ನನ್ನ ಬಾಯಿ ತುಂಬಾ ಮಾತಿತ್ತು. ಅಷ್ಟರಲ್ಲಿ ಗಜಣ್ಣ ಅವರ ಉಸಿರಿನಿಂದಲೋ ಹೆಜ್ಜೆಯಿಂದಲೋ ಗುರುತು ಹಿಡಿದು ತಲೆ ಎತ್ತಿದ.

"ಸೀತಾರಾಮಣ್ಣಾ, ಬರೋ ವರ್ಷ ಜಮಖಾನ ಬ್ಯಾಡ" ಎಂದ.

ಸೀತಾರಾಮಣ್ಣ ನನ್ನ ಮುಖ ನೋಡಿದರು. ನಾನು ಗಜಣ್ಣನ ಮುಖ ನೋಡಿದೆ. "ಆತು, ಬರೋ ವರ್ಷ ಹಾಸೂದಿಲ್ಲ" ಎಂದರು ಅವರು, ಈ ಸಲ ಅವನಿಗೇ.